ಗೋಡೆಯ ಮೇಲಿನ ಪ್ರಮಾಣಪತ್ರ

ಪಿ.ಯು.ಸಿ. ಫಲಿತಾಂಶ ಹೊರಬಿದ್ದ ವಾರ ಅನೇಕ ಮನೆಗಳಲ್ಲಿ ಒಂದೇ ಬಗೆಯ ಮಾತುಕತೆ ನಡೆಯುತ್ತದೆ. ಮಗನಿಗೆ ವಿಜ್ಞಾನ ವಿಷಯಗಳಲ್ಲಿ ತಕ್ಕಮಟ್ಟಿಗೆ ಅಂಕ ಬಂದಿರುತ್ತದೆ. ಮೆಡಿಕಲ್ ಸೀಟು ಸಿಗುವ ಸಂಭವವಿಲ್ಲ. ಎಂಜಿನಿಯರಿಂಗ್ ಓದಲು ಅವನಿಗೆ ಮನಸ್ಸಿಲ್ಲ. ಮುಂದೇನು ಎಂದು ತಂದೆ ತಲೆಯ ಮೇಲೆ ಕೈಹೊತ್ತು ಕೂತಿರುವಾಗ ಊಟಕ್ಕೆ ಬಂದ ನೆಂಟರೊಬ್ಬರು ಸುಲಭದ ದಾರಿ ತೋರಿಸುತ್ತಾರೆ.

‘ಇದಕ್ಯಾಕೆ ಇಷ್ಟು ಯೋಚನೆ ಭಾವ? ಡಿ.ಫಾರ್ಮಾಕ್ಕೆ ಸೇರಿಸಿಬಿಡಿ. ಎರಡೇ ವರ್ಷ. ಸ್ವಂತ ಅಂಗಡಿ ಇಡದೇ ಹೋದರೂ ಚಿಂತೆಯಿಲ್ಲ. ಸರ್ಟಿಫಿಕೇಟನ್ನ ಯಾವುದಾದರೂ ಮೆಡಿಕಲ್ ಸ್ಟೋರಿನವರಿಗೆ ಕೊಟ್ಟರೆ ತಿಂಗಳು ತಿಂಗಳು ಬಾಡಿಗೆ ಬರುತ್ತೆ. ಹುಡುಗ ಬೇರೆ ಕೆಲಸ ನೋಡ್ಕೊಳ್ಳಲಿ.’

ಹೀಗೆ ಹೇಳುವವರು ಕೆಟ್ಟವರೇನೂ ಅಲ್ಲ. ತಾವು ಕಂಡದ್ದನ್ನೇ ಹೇಳುತ್ತಾರೆ. ಔಷಧಿ ಅಂಗಡಿಯ ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲಿ ಕಟ್ಟು ಹಾಕಿಸಿದ ಒಂದು ಪ್ರಮಾಣಪತ್ರ ತೂಗುತ್ತಿರುತ್ತದೆ. ಅದರಲ್ಲೊಂದು ಹೆಸರು, ಒಂದು ನೋಂದಣಿ ಸಂಖ್ಯೆ. ಕೆಲವು ಅಂಗಡಿಗಳಲ್ಲಿ ಆ ಹೆಸರಿನ ವ್ಯಕ್ತಿಯನ್ನು ಗಿರಾಕಿಗಳು ಹತ್ತು ವರ್ಷದಲ್ಲಿ ಒಮ್ಮೆಯೂ ನೋಡಿರುವುದಿಲ್ಲ. ಕೌಂಟರಿನಲ್ಲಿ ನಿಂತ ಹುಡುಗರು ಡಾಕ್ಟರರ ಅಕ್ಷರವನ್ನು ಒಂದೇ ನೋಟಕ್ಕೆ ಓದಿ, ಏಣಿ ಹತ್ತಿ, ಬೇಕಾದ ಡಬ್ಬಿಯನ್ನೇ ಎಳೆದು, ಗುಳಿಗೆಯ ಪಟ್ಟಿಯನ್ನು ಕತ್ತರಿಸಿ ಕೊಡುತ್ತಾರೆ. ಕೆಲಸವೆಲ್ಲ ಸುಸೂತ್ರವಾಗಿ ನಡೆಯುತ್ತದೆ.

ಹಾಗಾದರೆ ಆ ಪ್ರಮಾಣಪತ್ರ ಏಕೆ ಬೇಕು? ಬಟ್ಟೆ ಅಂಗಡಿಗೆ, ದಿನಸಿ ಅಂಗಡಿಗೆ ಇಲ್ಲದ ಈ ಕಟ್ಟುಪಾಡು ಔಷಧಿ ಅಂಗಡಿಗೆ ಮಾತ್ರ ಏಕೆ ಬಂತು? ಈ ವೃತ್ತಿಗೆ ಮಕ್ಕಳನ್ನು ಕಳಿಸುವ ಮುನ್ನ ತಂದೆತಾಯಂದಿರೂ, ಸೇರುವ ಮುನ್ನ ವಿದ್ಯಾರ್ಥಿಗಳೂ ಇದಕ್ಕೆ ಉತ್ತರ ತಿಳಿದುಕೊಳ್ಳುವುದು ಒಳ್ಳೆಯದು. ಉತ್ತರದ ಒಂದು ಭಾಗ ಇಂಗ್ಲೆಂಡಿನ ಒಂದು ಮಿಠಾಯಿ ಅಂಗಡಿಯಲ್ಲಿದೆ.

ಬ್ರಾಡ್‌ಫರ್ಡಿನ ಪೆಪ್ಪರ್‌ಮಿಂಟು

1858ನೆಯ ಇಸವಿ. ಉತ್ತರ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದ ಸಂತೆಯಲ್ಲಿ ವಿಲಿಯಂ ಹಾರ್ಡೇಕರ್ ಎಂಬಾತ ಪೆಪ್ಪರ್‌ಮಿಂಟು ಮಾರುತ್ತಿದ್ದ. ಅವನಿಗೆ ಸರಕು ಮಾಡಿಕೊಡುತ್ತಿದ್ದವನು ಜೋಸೆಫ್ ನೀಲ್. ಆ ಕಾಲದಲ್ಲಿ ಸಕ್ಕರೆ ದುಬಾರಿ. ಆದ್ದರಿಂದ ಅಗ್ಗದ ಮಿಠಾಯಿಗೆ ಜಿಪ್ಸಮ್ಮಿನಂಥ ಬಿಳಿಯ ಪುಡಿಯನ್ನು ಬೆರೆಸುವುದು ವಾಡಿಕೆಯಾಗಿತ್ತು. ವ್ಯಾಪಾರಿಗಳು ಅದನ್ನು ‘ಡಾಫ್ಟ್’ ಎಂದು ಕರೆಯುತ್ತಿದ್ದರು. ಅದು ಮೋಸವೇ ಆದರೂ ಪ್ರಾಣ ತೆಗೆಯುವ ವಸ್ತುವಲ್ಲ.

ನೀಲ್ ಈ ಪುಡಿಯನ್ನು ತರಲು ಸಮೀಪದ ಶಿಪ್ಲಿ ಎಂಬ ಊರಿನ ಔಷಧಿ ಅಂಗಡಿಗೆ ಒಬ್ಬನನ್ನು ಕಳಿಸಿದ. ಅಂಗಡಿಯ ಮಾಲೀಕ ಚಾರ್ಲ್ಸ್ ಹಾಜ್ಸನ್ ಔಷಧ ಬಲ್ಲವನು. ಆದರೆ ಅಂದು ಅವನು ಕಾಯಿಲೆ ಬಿದ್ದು ಮಲಗಿದ್ದ. ಅಂಗಡಿಯಲ್ಲಿದ್ದವನು ವಿಲಿಯಂ ಗೊಡ್ಡಾರ್ಡ್ ಎಂಬ ಎಳೆಯ ಸಹಾಯಕ. ಅವನು ಒಡೆಯನ ಬಳಿ ಹೋಗಿ, ಡಾಫ್ಟ್ ಎಲ್ಲಿದೆ ಎಂದು ಕೇಳಿದ. ಅಟ್ಟದ ಮೂಲೆಯಲ್ಲಿರುವ ಪೀಪಾಯಿಯಲ್ಲಿದೆ ಎಂಬ ಉತ್ತರ ಬಂತು. ಹುಡುಗ ಅಟ್ಟ ಹತ್ತಿದ. ಬಿಳಿಯ ಪುಡಿ ಕಂಡಿತು. 12 ಪೌಂಡು, ಎಂದರೆ ಸುಮಾರು ಐದೂವರೆ ಕಿಲೋ ತೂಗಿಕೊಟ್ಟ.

ಅವನು ತೂಗಿದ್ದು ಡಾಫ್ಟ್ ಅಲ್ಲ, ಬಿಳಿ ಪಾಷಾಣ. ಆರ್ಸೆನಿಕ್ ಟ್ರೈಆಕ್ಸೈಡ್ ಎಂಬ ಘೋರ ವಿಷ. ಅದೂ ಬಿಳಿಯ ಪುಡಿಯೇ.

ನೀಲ್‌ನ ಕಾರ್ಖಾನೆಯಲ್ಲಿ ಅದು ಪೆಪ್ಪರ್‌ಮಿಂಟಾಯಿತು. ಈ ಸಲದ ಸರಕು ಎಂದಿನಂತಿಲ್ಲ ಎಂದು ಹಾರ್ಡೇಕರನಿಗೆ ಅನ್ನಿಸಿತು. ಆದರೆ ಅವನು ಬೆಲೆ ತಗ್ಗಿಸಿಕೊಂಡು ಸುಮ್ಮನಾದ. ಅಕ್ಟೋಬರ್ 30ರ ಶನಿವಾರ ರಾತ್ರಿ ಸಂತೆಯಲ್ಲಿ ಮಾರಿದ. ಭಾನುವಾರ ಬೆಳಗಾಗುವಷ್ಟರಲ್ಲಿ ಇಬ್ಬರು ಮಕ್ಕಳು ಸತ್ತಿದ್ದರು. ಮೊದಲಿಗೆ ಕಾಲರಾ ಇರಬೇಕೆಂದು ಜನ ಭಾವಿಸಿದರು. ಸಾವು ನೋವು ಹೆಚ್ಚಿದಾಗ ಪೊಲೀಸರು ಜಾಡು ಹಿಡಿದು ಸಂತೆಯ ಅಂಗಡಿಗೆ, ಅಲ್ಲಿಂದ ಔಷಧಿ ಅಂಗಡಿಯ ಅಟ್ಟಕ್ಕೆ ಬಂದರು. ಒಟ್ಟು ಸುಮಾರು 20 ಮಂದಿ ಸತ್ತರು. 200ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು.

ಹಾಜ್ಸನ್, ಗೊಡ್ಡಾರ್ಡ್ ಮತ್ತು ನೀಲ್ ಮೂವರ ಮೇಲೂ ಮೊಕದ್ದಮೆ ಹೂಡಲಾಯಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ಔಷಧಿ ಅಂಗಡಿಯಲ್ಲಿ ಯಾರು ಬೇಕಾದರೂ ನಿಂತು ವಿಷ ತೂಗಿಕೊಡಬಹುದಾಗಿದ್ದ ಕಾಲ ಅದು. ಜನ ಈ ಪ್ರಕರಣವನ್ನು ಮರೆಯಲಿಲ್ಲ. ಹತ್ತು ವರ್ಷಗಳ ಅನಂತರ, 1868ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಫಾರ್ಮಸಿ ಕಾಯ್ದೆಯನ್ನು ಮಾಡಿತು. ಪರೀಕ್ಷೆ ಪಾಸಾಗಿ ಹೆಸರು ನೋಂದಾಯಿಸಿಕೊಂಡವರು ಮಾತ್ರ ವಿಷವಸ್ತುಗಳನ್ನು ಮಾರಬೇಕೆಂಬ ನಿಯಮ ಬಂತು. ಅದಕ್ಕೆ ಬ್ರಾಡ್‌ಫರ್ಡಿನ ಸಾವುಗಳೂ ಒಂದು ಮುಖ್ಯ ಕಾರಣ.

ಈ ಕಥೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಆ ಅಂಗಡಿಗೆ ಔಷಧ ಬಲ್ಲ ಯಜಮಾನನಿದ್ದ. ತೂಗುವ ಹೊತ್ತಿನಲ್ಲಿ ಅವನು ತಕ್ಕಡಿಯ ಮುಂದೆ ಇರಲಿಲ್ಲ, ಅಷ್ಟೇ.

ವೈದ್ಯ ಬೇರೆ, ಔಷಧಿಯವ ಬೇರೆ

ಕಾಯಿಲೆ ಗುರುತಿಸುವವನು ಒಬ್ಬ, ಮದ್ದು ಕೊಡುವವನು ಇನ್ನೊಬ್ಬ ಎಂಬ ಏರ್ಪಾಡು ಬಹಳ ಹಳೆಯದು. ಎಂಟು ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಔಷಧ ಮಾರುವ ಅಂಗಡಿಗಳಿದ್ದವು. ಮುಂದೆ ಅಂಥ ಅಂಗಡಿಗಳ ತೂಕ, ಸರಕುಗಳನ್ನು ಪರೀಕ್ಷಿಸುವ ಅಧಿಕಾರಿಗಳೂ ಬಂದರು. ಯೂರೋಪಿನಲ್ಲಿ ಈ ವಿಂಗಡಣೆಗೆ ಕಾನೂನಿನ ರೂಪ ಕೊಟ್ಟವನು ಸಿಸಿಲಿ ಮತ್ತು ದಕ್ಷಿಣ ಇಟಲಿಯನ್ನು ಆಳುತ್ತಿದ್ದ ಚಕ್ರವರ್ತಿ ಎರಡನೆಯ ಫ್ರೆಡರಿಕ್. ಸುಮಾರು 1240ರಲ್ಲಿ ಅವನು ಹೊರಡಿಸಿದ ಆಜ್ಞೆಯ ಪ್ರಕಾರ ವೈದ್ಯ ಔಷಧಿ ಅಂಗಡಿ ಇಡುವಂತಿಲ್ಲ. ಔಷಧಿ ಮಾರುವವನ ಜೊತೆ ಪಾಲುದಾರಿಕೆಯನ್ನೂ ಮಾಡುವಂತಿಲ್ಲ. ಔಷಧಿಯ ಮೇಲೆ ಇಷ್ಟೇ ಲಾಭ ಎಂದು ಮಿತಿ. ನಿಯಮದ ಪ್ರಕಾರವೇ ಮದ್ದು ತಯಾರಿಸುವೆನೆಂದು ಅಂಗಡಿಯವನು ಪ್ರಮಾಣ ಮಾಡಬೇಕು.

ಈ ಏರ್ಪಾಡಿನ ಹಿಂದಿನ ಯೋಚನೆ ಸರಳವಾದದ್ದು. ಬರೆಯುವವನೇ ಮಾರಿದರೆ, ರೋಗಿಗೆ ಬೇಕಿಲ್ಲದ ಮದ್ದೂ ಚೀಟಿಗೆ ಸೇರಬಹುದು. ಎಷ್ಟೇ ಜಾಣ ವೈದ್ಯನಾದರೂ ಮನುಷ್ಯ. ಕೈ ತಪ್ಪಬಹುದು. ಅವನ ಬರಹ ರೋಗಿಯ ಹೊಟ್ಟೆ ಸೇರುವ ಮುನ್ನ ಔಷಧವನ್ನೇ ಓದಿಕೊಂಡ ಮತ್ತೊಬ್ಬ ಅದನ್ನು ನೋಡಲಿ ಎಂಬುದು ಉದ್ದೇಶ. ಏಳೆಂಟು ಶತಮಾನ ಕಳೆದರೂ ಫಾರ್ಮಸಿಸ್ಟರ ಕೆಲಸದ ತಿರುಳು ಇದೇ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅರೆಯುತ್ತ, ಕಾಯಿಸುತ್ತ, ಸೋಸುತ್ತ ಇದ್ದವರಿಂದ ವಿಜ್ಞಾನಕ್ಕೂ ದೊಡ್ಡ ಕೊಡುಗೆ ಬಂದಿದೆ. ಆಮ್ಲಜನಕವನ್ನೂ ಕ್ಲೋರಿನ್ನನ್ನೂ ಬೇರ್ಪಡಿಸಿದ ಸ್ವೀಡನ್ನಿನ ಷೀಲೆ ವೃತ್ತಿಯಲ್ಲಿ ಔಷಧಿ ಅಂಗಡಿಯವನು. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಫೀಮಿನಿಂದ ಮಾರ್ಫಿನ್ ತೆಗೆದ ಜರ್ಮನಿಯ ಸೆರ್ಟ್ಯೂರ್ನರ್ ಆಗಿನ್ನೂ ಔಷಧಿ ಅಂಗಡಿಯಲ್ಲಿ ಸಹಾಯಕನಾಗಿದ್ದ ಯುವಕ. 1820ರಲ್ಲಿ ಸಿಂಕೋನಾ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದ ಪೆಲ್ಟಿಯೇ ಮತ್ತು ಕಾವೆಂತೂ ಇಬ್ಬರೂ ಫ್ರಾನ್ಸಿನ ಫಾರ್ಮಸಿಸ್ಟರು. ಮಲೇರಿಯಾದ ಬೀಡಾಗಿದ್ದ ಭಾರತಕ್ಕೆ ಕ್ವಿನೈನ್ ಎಷ್ಟು ಮುಖ್ಯವಾಗಿತ್ತೆಂಬುದನ್ನು ಹಿರಿಯರು ಬಲ್ಲರು.

ಕಂಪೌಂಡರರ ಕಾಲ

ಭಾರತದಲ್ಲಿ ಆಯುರ್ವೇದ ಪಂಡಿತರು ಮತ್ತು ಹಕೀಮರು ಹೆಚ್ಚಾಗಿ ತಮ್ಮ ಮದ್ದನ್ನು ತಾವೇ ತಯಾರಿಸುತ್ತಿದ್ದರು. ಬೇಕಾದ ಶುಂಠಿ, ಹಿಪ್ಪಲಿ, ಜ್ಯೇಷ್ಠಮಧುಗಳು ಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತಿದ್ದವು. ಬ್ರಿಟಿಷರ ಆಡಳಿತದಲ್ಲಿ ಆಸ್ಪತ್ರೆ, ಡಿಸ್ಪೆನ್ಸರಿಗಳು ಬಂದಾಗ ಹೊಸದೊಂದು ವೃತ್ತಿ ಹುಟ್ಟಿಕೊಂಡಿತು. ಅವರೇ ಕಂಪೌಂಡರರು.

ಅರುವತ್ತು ದಾಟಿದವರಿಗೆ ಆ ಚಿತ್ರ ಇನ್ನೂ ನೆನಪಿರುತ್ತದೆ. ಡಾಕ್ಟರರ ಕೋಣೆಯ ಪಕ್ಕದಲ್ಲಿ ಚಿಕ್ಕ ಕಿಟಕಿ. ಅದರ ಹಿಂದೆ ದೊಡ್ಡ ದೊಡ್ಡ ಗಾಜಿನ ಜಾಡಿಗಳು. ರೋಗಿಗಳು ಮನೆಯಿಂದಲೇ ಖಾಲಿ ಶೀಸೆ ತೊಳೆದುಕೊಂಡು ಬರಬೇಕು. ಕಂಪೌಂಡರ್ ಚೀಟಿ ನೋಡಿ, ಅಳತೆಯ ಗ್ಲಾಸಿನಲ್ಲಿ ಅಳೆದು, ಕೆಂಪು ಅಥವಾ ಗುಲಾಬಿ ಬಣ್ಣದ ಮಿಕ್ಸ್ಚರ್ ತುಂಬಿಸಿ, ಬಿರಡೆ ಹಾಕಿ ಕುಲುಕುತ್ತಿದ್ದ. ಶೀಸೆಯ ಪಕ್ಕಕ್ಕೆ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಅಂಟಿಸುತ್ತಿದ್ದ. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಹೊತ್ತಿನ ಮದ್ದು. ಓದು ಬಾರದ ಮುದುಕಿಗೂ ಅದು ತಿಳಿಯುತ್ತಿತ್ತು.

ಹಲವು ಕಂಪೌಂಡರರು ನುರಿತವರು, ಜನರ ಪ್ರೀತಿ ಗಳಿಸಿದವರು. ಆದರೆ ಅವರಲ್ಲಿ ಅನೇಕರ ವಿದ್ಯೆ ನೋಡಿ ಕಲಿತದ್ದು. ಪೇಟೆಯ ಔಷಧಿ ವ್ಯಾಪಾರಕ್ಕಂತೂ ಹೇಳುವವರು ಕೇಳುವವರು ಇರಲಿಲ್ಲ. ವಿದೇಶದಿಂದ ಬಂದ ಮಾಲಿನ ಜೊತೆ ಕಲಬೆರಕೆ ಮಾಲೂ ಸೇರುತ್ತಿತ್ತು. ಕ್ವಿನೈನ್ ಗುಳಿಗೆಗಳಲ್ಲಿಯೇ ಇರಬೇಕಾದಷ್ಟು ಕ್ವಿನೈನ್ ಇರುತ್ತಿರಲಿಲ್ಲ ಎಂಬ ದೂರುಗಳಿದ್ದವು. ಕೊನೆಗೆ ಸರ್ಕಾರ 1930ರಲ್ಲಿ ಕಲಕತ್ತೆಯ ಪ್ರಸಿದ್ಧ ಔಷಧ ವಿಜ್ಞಾನಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. 1931ರಲ್ಲಿ ವರದಿ ಬಂತು. ಔಷಧದ ಗುಣಮಟ್ಟಕ್ಕೆ ಕಾನೂನು ಬೇಕು, ಪರೀಕ್ಷಿಸಲು ಪ್ರಯೋಗಾಲಯ ಬೇಕು, ಔಷಧ ಕೊಡುವವರಿಗೆ ಶಿಕ್ಷಣ ಬೇಕು, ಅವರ ವೃತ್ತಿಗೆ ನೋಂದಣಿ ಬೇಕು ಎಂದು ಸಮಿತಿ ಹೇಳಿತು.

ಶಿಕ್ಷಣದ ಕೆಲಸ ಮೊದಲು ಆರಂಭವಾಯಿತು. ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಪಂಡಿತ ಮದನಮೋಹನ ಮಾಳವೀಯರ ಬೆಂಬಲದಿಂದ ಪ್ರೊ. ಮಹಾದೇವ ಲಾಲ್ ಶ್ರಾಫ್ ಅವರು 1932ರಲ್ಲಿ ಔಷಧ ರಸಾಯನಶಾಸ್ತ್ರದ ಬೋಧನೆಗೆ ಅಡಿಪಾಯ ಹಾಕಿದರು. 1937ರಲ್ಲಿ ಅಲ್ಲಿ ಬಿ.ಫಾರ್ಮಾ ಪದವಿ ಪ್ರಾರಂಭವಾಯಿತು. ಭಾರತದ ಫಾರ್ಮಸಿ ಶಿಕ್ಷಣದ ಪಿತಾಮಹ ಎಂದು ಶ್ರಾಫ್ ಅವರನ್ನು ಕರೆಯುವುದು ಇದಕ್ಕಾಗಿ. ಕರ್ನಾಟಕದಲ್ಲಿ ಮಣಿಪಾಲದ ಫಾರ್ಮಸಿ ಕಾಲೇಜು 1963ರಲ್ಲಿ ಆರಂಭವಾಯಿತು.

ಕಾನೂನುಗಳೂ ಒಂದೊಂದಾಗಿ ಬಂದವು. ಔಷಧಗಳ ತಯಾರಿಕೆ ಮತ್ತು ಮಾರಾಟಕ್ಕೆ 1940ರ ಕಾಯ್ದೆ. ವೃತ್ತಿಗೆ 1948ರ ಫಾರ್ಮಸಿ ಕಾಯ್ದೆ. ಎರಡನೆಯದರಲ್ಲಿ ಒಂದು ಔದಾರ್ಯವಿತ್ತು. ಅಲ್ಲಿಯವರೆಗೆ ಕನಿಷ್ಠ ಐದು ವರ್ಷ ಆಸ್ಪತ್ರೆ ಅಥವಾ ಡಿಸ್ಪೆನ್ಸರಿಯಲ್ಲಿ ಮದ್ದು ಬೆರೆಸಿ ಅನುಭವವಿದ್ದವರನ್ನು ಮೊದಲ ನೋಂದಣಿ ಪುಸ್ತಕಕ್ಕೆ ಸೇರಿಸಿಕೊಳ್ಳಲು ಅವಕಾಶ ಕೊಟ್ಟಿತು. ಹಳೆಯ ಕಂಪೌಂಡರರ ಅನ್ನ ಕಿತ್ತುಕೊಳ್ಳಲಿಲ್ಲ. ಆದರೆ ಮುಂದಿನವರು ಓದಿಯೇ ಬರಬೇಕೆಂದು ಬಾಗಿಲು ಭದ್ರಪಡಿಸಿತು. ವೈದ್ಯರ ಚೀಟಿಗೆ ಔಷಧ ಕೊಡುವ ಕೆಲಸವನ್ನು ನೋಂದಾಯಿತ ಫಾರ್ಮಸಿಸ್ಟರೇ ಮಾಡಬೇಕೆಂಬ 42ನೆಯ ಕಲಮು ಈ ಕಾಯ್ದೆಯಲ್ಲಿದೆ. ಅಂಗಡಿಯಲ್ಲಿ ಅಂಥ ಔಷಧದ ವಿತರಣೆ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ನಡೆಯಬೇಕೆಂದು ಔಷಧ ನಿಯಮಗಳೂ ಹೇಳುತ್ತವೆ. ಗೋಡೆಯ ಮೇಲಿನ ಕಟ್ಟು ಹಾಕಿದ ಕಾಗದದ ಮೂಲ ಇದು.

ಕಾರ್ಖಾನೆಯ ಗುಳಿಗೆ ಬಂದ ಮೇಲೆ

ಈಗ ಅರೆಯುವ ಕಲ್ಲಿಲ್ಲ, ಮಿಕ್ಸ್ಚರ್ ಜಾಡಿಯಿಲ್ಲ. ಎಲ್ಲವೂ ಕಾರ್ಖಾನೆಯಲ್ಲೇ ತಯಾರಾಗಿ, ಮೊಹರಾಗಿ ಬರುತ್ತದೆ. ಡಬ್ಬಿಯಿಂದ ತೆಗೆದುಕೊಡಲು ಓದೇಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇದಕ್ಕೆ ಕೆಲವು ಉದಾಹರಣೆಗಳನ್ನು ನೋಡಬಹುದು.

ಮೆಟ್‌ಫಾರ್ಮಿನ್ 500 ಸಕ್ಕರೆ ಕಾಯಿಲೆಯ ಗುಳಿಗೆ. ಮೆಟ್ರೊನಿಡಜೋಲ್ ಹೊಟ್ಟೆಯ ಅಮೀಬಾ ಮೊದಲಾದ ಸೋಂಕುಗಳಿಗೆ ಕೊಡುವ ಮದ್ದು. ಅವಸರದ ಬರಹದಲ್ಲಿ ಮೊದಲ ಎರಡಕ್ಷರ ಒಂದೇ ರೀತಿ ಕಾಣುತ್ತವೆ. ಎರಡನೆಯದರಲ್ಲೂ ಕೆಲವೊಮ್ಮೆ ಇಂಥದೇ ಅಳತೆಯಿರುತ್ತದೆ. ಔಷಧ ಓದಿದವರು ಚೀಟಿಯ ಉಳಿದ ಮದ್ದುಗಳನ್ನು ನೋಡಿ, ‘ನಿಮಗೆ ಸಕ್ಕರೆ ಕಾಯಿಲೆ ಇದೆಯೆ?’ ಎಂದು ಒಂದು ಮಾತು ಕೇಳುತ್ತಾರೆ. ಆ ಒಂದು ಮಾತಿನಿಂದ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಯನ್ನು ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ. ಉಳಿದ ಗುಳಿಗೆಗಳಂತೆ ದಿನವೂ ನುಂಗಿದರೆ ಅದು ಪ್ರಾಣಾಪಾಯ ತರಬಲ್ಲದು. ‘ಯಾವ ವಾರ ತಗೋತೀರಮ್ಮ? ಪ್ರತಿ ವಾರ ಅದೇ ದಿನ, ಒಂದೇ ಸಲ’ ಎಂದು ಹೇಳಿ, ಪಟ್ಟಿಯ ಮೇಲೆ ಆ ವಾರದ ಹೆಸರನ್ನು ಬರೆದುಕೊಡುವುದು ಫಾರ್ಮಸಿಸ್ಟರ ಕೆಲಸ.

ಇನ್ಸುಲಿನ್ ವಿಷಯ ಇನ್ನೂ ಸೂಕ್ಷ್ಮ. ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಶೀಸೆಯೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಒಂದೊಂದಕ್ಕೂ ಅದರದೇ ಸಿರಿಂಜು. 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. 100ರ ಶೀಸೆಯಿಂದ 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಯ ಮೈಗೆ ಸೇರುವುದು 20 ಅಲ್ಲ, 50 ಯೂನಿಟ್. ಎಂದರೆ ಎರಡೂವರೆ ಪಟ್ಟು. ಹೈಸ್ಕೂಲಿನ ಹುಡುಗರೂ ಮಾಡಬಲ್ಲ ಲೆಕ್ಕ ಇದು. ಆದರೆ ಸಿರಿಂಜು ಕೊಡುವ ಹೊತ್ತಿನಲ್ಲಿ ಈ ಲೆಕ್ಕ ಯಾರಿಗಾದರೂ ಹೊಳೆಯಬೇಕಲ್ಲ! ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಲು ಬಿಡಬಾರದು ಎಂಬುದನ್ನೂ ಅಂಗಡಿಯಲ್ಲಿ ಯಾರೋ ಒಬ್ಬರು ನೋಡಿಕೊಳ್ಳಬೇಕು.

ನೆಗಡಿ ಗುಳಿಗೆಯೊಂದು, ಜ್ವರದ ಗುಳಿಗೆಯೊಂದು ಕೊಂಡವರಿಗೆ ಎರಡರಲ್ಲೂ ಪ್ಯಾರಾಸಿಟಮಾಲ್ ಇದೆಯೆಂದು ಗೊತ್ತಿರುವುದಿಲ್ಲ. ರಕ್ತ ತೆಳುವಾಗಿಸುವ ಮದ್ದು ತೆಗೆದುಕೊಳ್ಳುವ ಹಿರಿಯರು ಮಂಡಿನೋವಿಗೆಂದು ತಾವಾಗಿಯೇ ನೋವಿನ ಗುಳಿಗೆ ಕೇಳುತ್ತಾರೆ. ಎರಡೂ ಸೇರಿದರೆ ಒಳಗೆ ರಕ್ತಸ್ರಾವವಾಗುವ ಭಯವಿದೆ. ಮಗುವಿನ ಸಿರಪ್ಪನ್ನು ತಾಯಿ ಅಡಿಗೆಮನೆಯ ಚಮಚದಲ್ಲಿ ಅಳೆಯುತ್ತಾಳೆ. ಒಂದು ಮನೆಯ ಚಮಚ ಇನ್ನೊಂದು ಮನೆಯದರಂತಿರುವುದಿಲ್ಲ. ಔಷಧದ ಜೊತೆ ಬರುವ ಅಳತೆಯ ಮುಚ್ಚಳವನ್ನೇ ಬಳಸಬೇಕೆಂದು ತೋರಿಸಿಕೊಡಬೇಕಾಗುತ್ತದೆ.

ಆ್ಯಂಟಿಬಯಾಟಿಕ್‌ಗಳ ಪ್ರಶ್ನೆ ಇಡೀ ದೇಶಕ್ಕೆ ಸಂಬಂಧಿಸಿದ್ದು. ಚೀಟಿಯಿಲ್ಲದೆ ಎರಡು ದಿನಕ್ಕಾಗುವಷ್ಟು ಕೊಂಡು, ಜ್ವರ ಇಳಿದೊಡನೆ ಬಿಟ್ಟುಬಿಡುವ ಅಭ್ಯಾಸ ವ್ಯಾಪಕವಾಗಿದೆ. ಬೇಕಾಬಿಟ್ಟಿಯಾಗಿ ಬಳಸಿದಷ್ಟೂ ರೋಗಾಣುಗಳು ಮದ್ದಿಗೆ ಬಗ್ಗದಂತಾಗುತ್ತವೆ. ಇದಕ್ಕಾಗಿಯೇ 2014ರಿಂದ ‘ಷೆಡ್ಯೂಲ್ ಎಚ್ 1’ ಎಂಬ ಪಟ್ಟಿ ಜಾರಿಯಲ್ಲಿದೆ. ಅದರಲ್ಲಿರುವ ಮದ್ದು ಕೊಟ್ಟಾಗ ವೈದ್ಯರ ಹೆಸರು, ರೋಗಿಯ ಹೆಸರು, ಮದ್ದಿನ ಹೆಸರು ಮತ್ತು ಪ್ರಮಾಣವನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಗಿರಾಕಿ ಸಿಟ್ಟಾದರೂ ‘ಚೀಟಿ ಇಲ್ಲದೆ ಕೊಡಲಾಗದು’ ಎನ್ನುವ ಧೈರ್ಯವೂ ಬೇಕು. ಸಂಬಳಕ್ಕಿರುವ ಹುಡುಗನಿಗೆ ಆ ಧೈರ್ಯ ಬರುವುದು ಕಷ್ಟ. ಓದು ಮತ್ತು ಕಾನೂನು ಎರಡರ ಬಲವೂ ಇರುವವರಿಗೆ ಅದು ಸಾಧ್ಯ.

2015ರ ಫಾರ್ಮಸಿ ವೃತ್ತಿ ನಿಯಮಗಳು ಇವನ್ನೆಲ್ಲ ಕರ್ತವ್ಯವೆಂದೇ ಹೇಳಿವೆ. ಚೀಟಿ ಪರಿಶೀಲಿಸುವುದು, ಮದ್ದನ್ನು ಹೇಗೆ ತೆಗೆದುಕೊಳ್ಳಬೇಕು, ಹೇಗೆ ಇಡಬೇಕು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು ಎಂದು ರೋಗಿಗೆ ತಿಳಿಸುವುದು, ಬಿಳಿಯ ಕೋಟು ತೊಟ್ಟು ಹೆಸರು ಮತ್ತು ನೋಂದಣಿ ಸಂಖ್ಯೆಯ ಬಿಲ್ಲೆ ಧರಿಸುವುದು ಇವೆಲ್ಲ ಅದರಲ್ಲಿವೆ.

ಓದು ಮತ್ತು ಉದ್ಯೋಗ

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಅಥವಾ ಗಣಿತ ಓದಿದವರು ಈ ಕ್ಷೇತ್ರಕ್ಕೆ ಬರಬಹುದು. ಡಿ.ಫಾರ್ಮಾ ಎರಡು ವರ್ಷದ ಡಿಪ್ಲೊಮಾ. ಜೊತೆಗೆ 500 ಗಂಟೆಗಳ ಪ್ರಾಯೋಗಿಕ ತರಬೇತಿ ಇದೆ. ಬಿ.ಫಾರ್ಮಾ ನಾಲ್ಕು ವರ್ಷದ ಪದವಿ. 2008ರಿಂದ ಭಾರತದಲ್ಲಿ ಫಾರ್ಮ್.ಡಿ ಎಂಬ ಆರು ವರ್ಷದ ಶಿಕ್ಷಣವೂ ಇದೆ. ಅದರ ಕೊನೆಯ ಒಂದು ವರ್ಷ ಆಸ್ಪತ್ರೆಯಲ್ಲಿ ಕಳೆಯಬೇಕು. ಡಿಪ್ಲೊಮಾ ಮುಗಿಸಿದವರು ನೋಂದಣಿಗೆ ಮುನ್ನ ನಿರ್ಗಮನ ಪರೀಕ್ಷೆಯೊಂದನ್ನು ಪಾಸಾಗಬೇಕೆಂಬ ನಿಯಮ 2022ರಲ್ಲಿ ಪ್ರಕಟವಾಯಿತು. ನೋಂದಣಿ ಆಯಾ ರಾಜ್ಯದ ಫಾರ್ಮಸಿ ಪರಿಷತ್ತಿನಲ್ಲಿ ಆಗುತ್ತದೆ.

ತಂದೆತಾಯಂದಿರು ತಪ್ಪದೆ ಮಾಡಬೇಕಾದ ಒಂದು ಕೆಲಸವಿದೆ. ಶುಲ್ಕ ಕಟ್ಟುವ ಮುನ್ನ ಆ ಕಾಲೇಜಿಗೂ, ಆ ಕೋರ್ಸಿಗೂ ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ವಿಚಾರಿಸಬೇಕು. ಮಾನ್ಯತೆ ಇಲ್ಲದ ಕಡೆ ಓದಿದರೆ ಅಂಕಪಟ್ಟಿ ಸಿಕ್ಕರೂ ನೋಂದಣಿ ಸಿಗುವುದಿಲ್ಲ. ನೋಂದಣಿ ಇಲ್ಲದವರು ಫಾರ್ಮಸಿಸ್ಟರಲ್ಲ.

ಉದ್ಯೋಗ ಅಂಗಡಿಯೊಂದರಲ್ಲೇ ಇದೆ ಎಂದೇನಿಲ್ಲ. ಆಸ್ಪತ್ರೆಗಳ ಔಷಧ ವಿಭಾಗ, ಔಷಧ ಕಾರ್ಖಾನೆಗಳ ತಯಾರಿಕೆ ಮತ್ತು ಗುಣಮಟ್ಟ ಪರೀಕ್ಷೆ, ಸಂಶೋಧನೆ, ಬೋಧನೆ ಇವೆಲ್ಲ ಇವೆ. ಪದವೀಧರರು ಔಷಧ ನಿಯಂತ್ರಣ ಇಲಾಖೆಯ ಹುದ್ದೆಗಳಿಗೂ ಪ್ರಯತ್ನಿಸಬಹುದು. ಕಡಿಮೆ ಬೆಲೆಯ ಜೆನೆರಿಕ್ ಮದ್ದು ಮಾರುವ ಜನೌಷಧಿ ಕೇಂದ್ರಗಳು 2008ರಲ್ಲಿ ಆರಂಭವಾಗಿ ಈಗ ಊರೂರಿಗೆ ಬಂದಿವೆ. ಅಲ್ಲಿಯೂ ಫಾರ್ಮಸಿಸ್ಟರು ಬೇಕು. ಇಂದು ಮೊಬೈಲಿನಲ್ಲಿ ಮದ್ದು ತರಿಸಿಕೊಳ್ಳುವವರಿದ್ದಾರೆ. ಆ ಪೊಟ್ಟಣವನ್ನು ಕಟ್ಟುವ ಮುನ್ನ ಚೀಟಿಯನ್ನು ಯಾರು ನೋಡಿದರು ಎಂಬ ಹಳೆಯ ಪ್ರಶ್ನೆ ಅಲ್ಲಿಯೂ ತಪ್ಪಿದ್ದಲ್ಲ.

ಬಾಡಿಗೆಯ ಲೆಕ್ಕ

ಈಗ ಮತ್ತೆ ಆ ನೆಂಟರ ಮಾತಿಗೆ ಬರೋಣ. ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವುದೆಂದರೇನು? ಹುಡುಗ ಬೇರೆಲ್ಲೋ ಕೆಲಸ ಮಾಡುತ್ತಿರುತ್ತಾನೆ. ಅಂಗಡಿಯಲ್ಲಿ ಅವನ ಹೆಸರಿನಲ್ಲಿ ಇನ್ನೊಬ್ಬ ಮದ್ದು ಕೊಡುತ್ತಿರುತ್ತಾನೆ. ಅಲ್ಲಿ ತಪ್ಪು ನಡೆದ ದಿನ, ದಾಖಲೆಯಲ್ಲಿ ಜವಾಬ್ದಾರಿ ಇರುವುದು ಗೋಡೆಯ ಮೇಲಿನ ಹೆಸರಿನವನದು. ವೃತ್ತಿಗೆ ತಕ್ಕುದಲ್ಲದ ನಡತೆಗಾಗಿ ನೋಂದಣಿ ಪುಸ್ತಕದಿಂದ ಹೆಸರು ತೆಗೆದುಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ತಿಂಗಳ ಬಾಡಿಗೆಯ ಆಸೆಗೆ ಎರಡು ವರ್ಷದ ಓದು, ಅಪ್ಪ ಸಾಲ ಮಾಡಿ ಕಟ್ಟಿದ ಶುಲ್ಕ ಎಲ್ಲವನ್ನೂ ಪಣಕ್ಕಿಟ್ಟಂತಾಗುತ್ತದೆ.

ಇದು ಒಬ್ಬ ಹುಡುಗನ ಲಾಭನಷ್ಟದ ವಿಚಾರ ಮಾತ್ರವೂ ಅಲ್ಲ. ಕಾಗದ ಅಗ್ಗದ ಬಾಡಿಗೆಗೆ ಸಿಗುವಾಗ ಮಾಲೀಕ ಪೂರ್ತಿ ಸಂಬಳ ಕೊಟ್ಟು ಮನುಷ್ಯನನ್ನು ಏಕೆ ಇಟ್ಟುಕೊಳ್ಳುತ್ತಾನೆ? ಒಬ್ಬ ತನ್ನ ಪ್ರಮಾಣಪತ್ರವನ್ನು ಬಾಡಿಗೆಗೆ ಕೊಟ್ಟಾಗ ಇನ್ನೊಬ್ಬನ ಕೆಲಸ ಹೋಗುತ್ತದೆ. ಓದಿದವರಿಗೆ ಸಂಬಳವಿಲ್ಲ ಎಂಬ ದೂರಿಗೂ ಈ ಬಾಡಿಗೆ ಒಂದು ಕಾರಣ.

ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ ಈ ವಿಷಯವನ್ನು ಗಂಭೀರವಾಗಿ ಪರಿಗಣಿಸಿತು. ನೋಂದಾಯಿತ ಫಾರ್ಮಸಿಸ್ಟರಿಲ್ಲದೆ, ಅಥವಾ ನಕಲಿ ಫಾರ್ಮಸಿಸ್ಟರಿಂದ ಔಷಧ ವಿತರಣೆ ನಡೆಸುವುದು ಜನರ ಆರೋಗ್ಯದ ಜೊತೆ ಆಟವಾಡಿದಂತೆ ಎಂಬ ಅಭಿಪ್ರಾಯ ವ್ಯಕ್ತಪಡಿಸಿ, ಪ್ರಕರಣವನ್ನು ಮತ್ತೆ ವಿಚಾರಿಸುವಂತೆ ಪಾಟ್ನಾ ಹೈಕೋರ್ಟಿಗೆ ಕಳಿಸಿತು.

ಅಂಗಡಿಯವರ ಕಷ್ಟವೂ ಇಲ್ಲದಿಲ್ಲ. ಹಳ್ಳಿಯ ಸಣ್ಣ ಅಂಗಡಿಗೆ ದಿನದ ವ್ಯಾಪಾರವೇ ಅಲ್ಪ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಓದಿದವರನ್ನು ಇಟ್ಟುಕೊಳ್ಳುವುದು ಅವರಿಗೆ ಭಾರವಾಗುತ್ತದೆ. ಹಾಗೆಂದು ಅನೇಕ ಊರುಗಳಲ್ಲಿ ಓದಿದವರೇ ಮಾಲೀಕರಾಗಿ, ತಾವೇ ಕೌಂಟರಿನಲ್ಲಿ ನಿಂತು, ಮೂವತ್ತು ವರ್ಷದಿಂದ ಊರಿನ ವಿಶ್ವಾಸ ಗಳಿಸಿದವರೂ ಇದ್ದಾರೆ. ಯಾರ ಮನೆಯಲ್ಲಿ ಯಾರಿಗೆ ಯಾವ ಮದ್ದು ಒಗ್ಗದು ಎಂಬುದು ಅವರಿಗೆ ಬಾಯಿಪಾಠ. ಡಾಕ್ಟರರಿಗೆ ಫೋನು ಮಾಡಿ, ‘ಸಾರ್, ಈ ಅಜ್ಜನಿಗೆ ಇದು ಬರೆದಿದ್ದೀರಿ, ಅವರು ಆಗಲೇ ಅದೂ ತಗೋತಿದಾರೆ, ಕೊಡಲೇ?’ ಎಂದು ಕೇಳುವವರು ಇವರೇ. ಒಳ್ಳೆಯ ಡಾಕ್ಟರರು ಇಂಥ ಫೋನಿಗೆ ಬೇಸರಪಡುವುದಿಲ್ಲ.

ಆದ್ದರಿಂದ, ಮಗನನ್ನೋ ಮಗಳನ್ನೋ ಈ ಕಡೆಗೆ ಕಳಿಸಬೇಕೆಂದಿರುವ ತಂದೆತಾಯಂದಿರು ಅರ್ಜಿ ತುಂಬುವ ಮುನ್ನ ಒಂದು ಕೆಲಸ ಮಾಡಬಹುದು. ಪರಿಚಯದ ಅಂಥ ಫಾರ್ಮಸಿಸ್ಟರೊಬ್ಬರನ್ನು ಕೇಳಿಕೊಂಡು, ಅವರ ಅಂಗಡಿಯಲ್ಲೋ ಆಸ್ಪತ್ರೆಯ ಔಷಧ ವಿಭಾಗದಲ್ಲೋ ಒಂದು ಸಂಜೆ ಮಕ್ಕಳನ್ನು ಕೂರಿಸಬೇಕು. ಬಂದವರು ಏನು ಕೇಳುತ್ತಾರೆ, ಇವರು ಏನು ಹೇಳುತ್ತಾರೆ, ಯಾವ ಚೀಟಿಯನ್ನು ಎರಡು ಸಲ ಓದುತ್ತಾರೆ ಎಂದು ಮಕ್ಕಳು ನೋಡಲಿ. ಆ ಕೆಲಸ ಹಿಡಿಸಿದರೆ ಧಾರಾಳವಾಗಿ ಸೇರಲಿ. ಹಿಡಿಸದಿದ್ದರೆ ಬೇರೆ ದಾರಿಗಳು ಬೇಕಾದಷ್ಟಿವೆ.

ಗಿರಾಕಿಗಳಾದವರೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ಮದ್ದು ಕೊಳ್ಳುವಾಗ ಗೋಡೆಯ ಮೇಲಿನ ಹೆಸರನ್ನು ಓದಿ, ‘ಇವರು ಇದ್ದಾರೆಯೆ?’ ಎಂದು ವಿಚಾರಿಸಿದರೆ ಅದು ಒರಟುತನವಲ್ಲ. ಕೇಳುವವರು ಹೆಚ್ಚಾದಷ್ಟೂ ಆ ಹೆಸರಿನವರು ಕೌಂಟರಿನ ಹಿಂದೆ ಬಂದು ನಿಲ್ಲುವ ದಿನ ಹತ್ತಿರವಾಗುತ್ತದೆ.